ಅವ್ವನ ಸುಣ್ಣದ ಡಬ್ಬಿ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ಜೀವಕೋಶಗಳ ವಿಚಾರ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ‘ವ್ಯಾಕರಣದ ಸಂಧಿಗಳು ಸಾಲದೆಂದು ದೇಹದ ಸಂಧಿಗಳಿಗೂ ಕೈಹಾಕಿದಿರಾ?’ ಎಂದು ನಮ್ಮ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕರು ನಕ್ಕದ್ದೂ ಉಂಟು. ನಾನು ಆ ಕಡೆಗೆ ಹೊರಳಿದ್ದು ಪಾಂಡಿತ್ಯದ ಚಪಲದಿಂದಲ್ಲ. 2015ರ ಶ್ರಾವಣದ ಒಂದು ಸಂಜೆ ನಮ್ಮ ಅವ್ವನ ಸುಣ್ಣದ ಡಬ್ಬಿಯನ್ನು ಆಕೆಯ ಕೈಯಿಂದ ಕಿತ್ತುಕೊಂಡು ವಿಶ್ವೇಶ್ವರಯ್ಯ ನಾಲೆಗೆ ಎಸೆದುಬಿಟ್ಟೆನು. ಆ ಡಬ್ಬಿಯ ಬೆನ್ನು ಹತ್ತಿ ಹೋಗಿ ಎಲ್ಲಿಗೆ ಮುಟ್ಟಿದೆನೆಂಬುದೇ ಈ ಬರಹ.

ನಮ್ಮದು ಪಾಂಡವಪುರ ತಾಲ್ಲೂಕಿನ ನಾಲಾಬಯಲಿನ ಹಳ್ಳಿ. ಕಬ್ಬು, ಬತ್ತ, ಬದುವಿನ ಮೇಲೆ ನಾಲ್ಕು ಬಾಳೆ. ಅವ್ವನ ತವರು ನಾಗಮಂಗಲದ ಕಡೆಯ ಬೆದ್ದಲು ಸೀಮೆ. ಮದುವೆಯಾಗಿ ಬರುವಾಗ ನಮ್ಮ ಅಜ್ಜಿ ಕೊಟ್ಟ ಹಿತ್ತಾಳೆಯ ಆ ಡಬ್ಬಿ ಹೆಬ್ಬೆರಳಿನ ಗಾತ್ರದ್ದು. ಮುಚ್ಚಳ ಕಳೆಯದಂತೆ ಅದಕ್ಕೊಂದು ಸಣ್ಣ ಸರಪಣಿ. ಎಲೆಯಡಿಕೆಯ ಸಂಚಿಯಲ್ಲಿ ಅದು ಇಲ್ಲದ ದಿನವನ್ನು ನಾನು ಕಂಡಿರಲಿಲ್ಲ. ಗದ್ದೆಗೆ ಹೋದರೂ, ಸಾವಿನ ಮನೆಗೆ ಹೋದರೂ, ಮೇಲುಕೋಟೆಯ ವೈರಮುಡಿ ಜಾತ್ರೆಗೆ ಹೋದರೂ ಸಂಚಿ ಸೊಂಟದಲ್ಲಿ, ಡಬ್ಬಿ ಸಂಚಿಯಲ್ಲಿ.

ಆ ವರ್ಷದ ಯುಗಾದಿ ಕಳೆದ ಮೇಲೆ ಅವ್ವನ ಬಾಯಲ್ಲಿ ಹುಣ್ಣಾಯಿತು. ಬಾಯಿಹುಣ್ಣು ಯಾರಿಗೆ ಬರುವುದಿಲ್ಲ? ವಾರ ಕಳೆಯಿತು, ತಿಂಗಳು ಕಳೆಯಿತು, ಹುಣ್ಣು ಮಾಯಲಿಲ್ಲ. ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಅಡಿ, ಎಲ್ಲವೂ ಹಸಿಹಸಿ. ಮೆಣಸಿನಕಾಯಿ ತಾಗಿಸದ ಸಾರನ್ನೂ ನುಂಗಲಾರದೆ ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯತೊಡಗಿದಳು. ನಾಲ್ವರು ವೈದ್ಯರು ನಾಲ್ಕು ಬಗೆಯ ಮಾತ್ರೆ ಬರೆದುಕೊಟ್ಟರು. ಆದರೆ ನಾಲ್ವರೂ ಏಕಕಂಠದಿಂದ ಹೇಳಿದ ಮಾತು ಒಂದೇ: ‘ಎಲೆಯಡಿಕೆ ಸುಣ್ಣ ಬಿಡಿಸಿ.’ ಅವರನ್ನು ದೂರಲಾರೆ. ಈ ಸೀಮೆಯಲ್ಲಿ ಬಾಯಿ ಕೆಟ್ಟ ಹತ್ತು ಮಂದಿಯಲ್ಲಿ ಎಂಟು ಮಂದಿಗೆ ಆ ಮಾತು ಸಲ್ಲುತ್ತದೆ.

ನಾನು ಆಗಷ್ಟೇ ಕೃಷ್ಣರಾಜಪೇಟೆಯಲ್ಲಿ ಉಪನ್ಯಾಸಕನಾಗಿ ಸೇರಿದ್ದೆನು. ಓದಿದವನೆಂಬ ಗರ್ವವೂ ಹೊಸದು. ಶನಿವಾರ ಊರಿಗೆ ಬಂದಾಗ ಅವ್ವ ಕದ್ದು ಎಲೆಗೆ ಸುಣ್ಣ ಸವರುತ್ತಿರುವುದನ್ನು ಕಂಡೆನು. “ನಿನ್ನ ಬಾಯಿ ಸುಟ್ಟಿರುವುದೇ ಇದು. ಎಷ್ಟು ಸಲ ಹೇಳಬೇಕು?” ಎಂದು ಕೂಗಾಡಿದೆನು. ಅವ್ವ ಮೆಲ್ಲಗೆ, “ನಲವತ್ ವರ್ಸದಿಂದ ಸುಡದೆ ಇದ್ದದ್ದು ಈಗ ಯಾಕ್ ಸುಟ್ಟೀತು ಮಗಾ?” ಎಂದಳು.

ಆ ಮನೆಯಲ್ಲಿ ಅಂದು ಶಾಸ್ತ್ರೀಯವಾದ ಪ್ರಶ್ನೆ ಕೇಳಿದವಳು ಆಕೆಯೊಬ್ಬಳೇ. ಎಂ.ಎ. ಓದಿದವನಿಗೆ ಅದು ಕೇಳಿಸಲಿಲ್ಲ. ಡಬ್ಬಿ ನಾಲೆಗೆ ಬಿತ್ತು. ತುಂಬಿ ಹರಿಯುತ್ತಿದ್ದ ಕೆಂಪು ನೀರಿನಲ್ಲಿ ಅದು ಬಿದ್ದ ಸದ್ದೂ ಆಗಲಿಲ್ಲ.

ಸುಣ್ಣ ನಿಂತಿತು, ಹುಣ್ಣು ನಿಲ್ಲಲಿಲ್ಲ. ದಸರೆಯ ಹೊತ್ತಿಗೆ ಎದೆಯ ಮೇಲೆ, ಬೆನ್ನಿನ ಮೇಲೆ ನೀರ್ಗುಳ್ಳೆಗಳೆದ್ದವು. ಮೆತ್ತನೆಯ, ಜೋಲು ಗುಳ್ಳೆಗಳು. ಸೀರೆಯ ಸೆರಗು ಉಜ್ಜಿದರೆ ಸಾಕು, ಒಡೆದು ಅಂಗೈಯಗಲದ ಹಸಿಗಾಯ ಉಳಿಯುತ್ತಿತ್ತು. ನಾಗಮಂಗಲದ ಕಡೆಗೇ ಕೊಟ್ಟಿದ್ದ ನಮ್ಮ ಅಕ್ಕ ಓಡಿಬಂದು, “ಇದು ಸರ್ಪಸುತ್ತು ಕಣೋ” ಎಂದು ತೀರ್ಮಾನಿಸಿ, ಕೆಮ್ಮಣ್ಣಿನಲ್ಲಿ ಗೆರೆ ಬರೆದು ಮಂತ್ರ ಹಾಕುವವರಲ್ಲಿಗೆ ಕರೆದೊಯ್ದಳು. ನೆರೆಯವರು ಮಾತನಾಡಿಸುವುದನ್ನು ಬಿಡಲಿಲ್ಲ. ಆದರೆ ಜಗುಲಿಯ ಮೇಲೆ ಕೂರುವುದನ್ನು ಬಿಟ್ಟರು. ಅವ್ವನ ಲೋಟ ತಟ್ಟೆ ಬೇರೆಯಾದವು. ಎಂಟು ತಿಂಗಳ ನನ್ನ ಮಗಳನ್ನು ಆಕೆಯ ಮಡಿಲಿಗೆ ಕೊಡಬೇಡವೆಂದು ಯಾರೋ ಹೇಳಿದರು, ನಾವು ಕೊಡಲಿಲ್ಲ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು.

ದೀಪಾವಳಿ ಕಳೆದ ಮೇಲೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ತರುಣಿಯಾದ ಚರ್ಮವೈದ್ಯೆಯೊಬ್ಬರು ಅವ್ವನ ಬೆನ್ನಿನ ಗುಳ್ಳೆಯ ಪಕ್ಕದ ಚೆನ್ನಾಗಿದ್ದ ಚರ್ಮದ ಮೇಲೆ ಹೆಬ್ಬೆರಳನ್ನಿಟ್ಟು ಮೆಲ್ಲನೆ ಸರಿಸಿದರು. ನೆನೆದ ಕಾಗದದ ಹಾಗೆ ಮೇಲಿನ ಪದರ ಜಾರಿತು. ನನ್ನ ಎದೆ ಝಲ್ಲೆಂದಿತು. ವೈದ್ಯೆ ಕೈತೊಳೆದು ಬಂದು, “ಸರ್, ಇದು ಅಂಟುರೋಗವಲ್ಲ. ತಿರುಗುಮುರುಗಾಗಿ ಹೇಳಬೇಕೆಂದರೆ ಅಂಟು ಬಿಟ್ಟ ರೋಗ. ನಿಮ್ಮ ತಾಯಿಯವರ ಚರ್ಮದ ಜೀವಕೋಶಗಳು ಒಂದರ ಕೈಯನ್ನೊಂದು ಬಿಡುತ್ತಿವೆ” ಎಂದರು. ರೋಗದ ಹೆಸರು ಪೆಂಫಿಗಸ್ ವಲ್ಗ್ಯಾರಿಸ್. ಗ್ರೀಕ್ ಭಾಷೆಯಲ್ಲಿ ಪೆಂಫಿಕ್ಸ್ ಎಂದರೆ ಗುಳ್ಳೆ.

ಚರ್ಮದ ಒಂದು ಚೂರನ್ನು ಪರೀಕ್ಷೆಗೆ ತೆಗೆದರು. ವಾರದ ಮೇಲೆ ಆಕೆ, ನನ್ನ ಕುತೂಹಲವನ್ನು ಕಂಡೋ ನನ್ನ ಮುಖವನ್ನು ಕಂಡೋ, ಸೂಕ್ಷ್ಮದರ್ಶಕದಲ್ಲಿ ನೋಡಗೊಟ್ಟರು. ಕೆಳಗೆ ಒಂದೇ ಸಾಲಿನಲ್ಲಿ ಜೀವಕೋಶಗಳು ನೆಟ್ಟಗೆ ನಿಂತಿವೆ. ಅವುಗಳ ಮೇಲೆ ಇರಬೇಕಾದ ಪದರಗಳು ಕಿತ್ತುಹೋಗಿ ನಡುವೆ ಬಯಲು. “ಸಮಾಧಿಕಲ್ಲುಗಳ ಸಾಲು ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ” ಎಂದರು ವೈದ್ಯೆ. ತಾಯಿಯ ಚರ್ಮವನ್ನು ನೋಡುತ್ತಿರುವ ಮಗನಿಗೆ ಹೇಳುವ ಉಪಮೆಯೇ ಅದು! ನನ್ನ ಕಣ್ಣಿಗೆ ಅದು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಹಾಗೆ ಕಂಡಿತು. ಬುಡ ಬಿಗಿಯಾಗಿದೆ, ಹಾಸುಗಲ್ಲು ಮಾತ್ರ ತೇಲಿಹೋಗಿದೆ. ಕೆಳಸಾಲಿನ ಜೀವಕೋಶಗಳನ್ನು ನೆಲಕ್ಕೆ ಕಟ್ಟಿದ ಕೊಂಡಿಗಳು ಬೇರೆ ಜಾತಿಯವಾದ್ದರಿಂದ ಈ ರೋಗ ಅವನ್ನು ಮುಟ್ಟುವುದಿಲ್ಲವೆಂದು ಆಕೆ ವಿವರಿಸಿದರು. ಆಮೇಲೆ ಕತ್ತಲೆಕೋಣೆಯಲ್ಲಿ ಇನ್ನೊಂದು ಚಿತ್ರ: ಕಪ್ಪು ನೆಲದ ಮೇಲೆ ಹಸಿರಾಗಿ ಹೊಳೆಯುವ ಮೀನಿನ ಬಲೆ. ಒಂದೊಂದು ಕಣ್ಣೂ ಒಂದೊಂದು ಜೀವಕೋಶ; ಹಸಿರು ದಾರವೆಲ್ಲ ಅವ್ವನ ದೇಹ ತನ್ನ ಮೇಲೆ ತಾನೇ ಬಿಟ್ಟುಕೊಂಡ ಪ್ರತಿಕಾಯಗಳು. ಸುಂದರವಾಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಸುಂದರವಾಗಿಯೇ ಇತ್ತು.

ಅಂದು ಹೊರಡುವ ಮುಂಚೆ, ತಪ್ಪೊಪ್ಪಿಗೆಯೆಂಬಂತೆ, ಡಬ್ಬಿಯ ಕಥೆಯನ್ನು ಹೇಳಿದೆನು. ವೈದ್ಯೆ ನಕ್ಕು, “ಸರ್, ಜೀವಕೋಶಗಳ ಕೈಯನ್ನು ಗಟ್ಟಿಯಾಗಿ ನಿಲ್ಲಿಸುವುದೇ ಸುಣ್ಣದೊಳಗಿನ ಕ್ಯಾಲ್ಸಿಯಂ. ನೀವು ನಿರಪರಾಧಿಯನ್ನು ನಾಲೆಗೆ ತಳ್ಳಿದಿರಿ” ಎಂದರು. ಆ ಮಾತು ನನ್ನನ್ನು ನಿದ್ರೆಗೆಡಿಸಿತು. ಮುಂದಿನ ತಿಂಗಳುಗಳಲ್ಲಿ, ಅವ್ವನ ಮಂಚದ ಪಕ್ಕದಲ್ಲಿ ಕುಳಿತು, ನಮ್ಮ ಜೀವಶಾಸ್ತ್ರದ ಅಧ್ಯಾಪಕರನ್ನು ಪೀಡಿಸಿ, ತಿಳಿದಷ್ಟನ್ನು ಓದಿದೆನು.

ಚರ್ಮ, ಬಾಯಿಯ ಒಳಮೈ, ಕರುಳಿನ ಒಳಮೈ, ಇವೆಲ್ಲ ಹೊದಿಕೆ ಕೋಶಗಳಿಂದಾದವು. ಶಾಸ್ತ್ರದಲ್ಲಿ ಎಪಿಥೀಲಿಯಂ ಎನ್ನುವರು. ಒಳಗು ಹೊರಗುಗಳ ಗಡಿ ಕಾಯುವುದು ಇವುಗಳ ಕೆಲಸ. ಒಂದನ್ನೊಂದು ಹಿಡಿದುಕೊಳ್ಳದಿದ್ದರೆ ಗಡಿಯೆಂಬುದೇ ಇಲ್ಲ. 19ನೆಯ ಶತಮಾನದಲ್ಲಿ ಇಟಲಿಯ ಬಿಝೊಝೆರೊ ಎಂಬ ವಿದ್ವಾಂಸ ಚರ್ಮದ ಜೀವಕೋಶಗಳ ನಡುವೆ ಮುಳ್ಳಿನಂಥ ಎಳೆಗಳನ್ನೂ, ಎಳೆಗಳ ನಡುವೆ ಸಣ್ಣ ಗಂಟುಗಳನ್ನೂ ಕಂಡನು. ಜೀವಕೋಶಗಳು ಅಲ್ಲಿ ಒಂದರೊಳಗೊಂದು ಬೆರೆತು ಸೇತುವೆಯಾಗಿವೆಯೋ, ಇಲ್ಲ, ಬರಿದೆ ಮುಟ್ಟಿಕೊಂಡಿವೆಯೋ ಎಂಬ ಚರ್ಚೆ ಬಹುಕಾಲ ನಡೆಯಿತು. ಮುಟ್ಟಿಕೊಂಡಿವೆ, ಅಷ್ಟೇ, ಎಂಬುದು ಬಿಝೊಝೆರೊವಿನ ಪಕ್ಷ. 1920ರಲ್ಲಿ ಯೋಸೆಫ್ ಶಾಫರ್ ಆ ಗಂಟಿಗೆ ‘ಡೆಸ್ಮೊಸೋಮ್’ ಎಂದು ಹೆಸರಿಟ್ಟನು: ಕಟ್ಟು ಹಾಕುವ ಕಾಯ. 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಬಿಝೊಝೆರೊ ಗೆದ್ದನು. ಎರಡು ಜೀವಕೋಶಗಳ ಪೊರೆಗಳು ಪ್ರತ್ಯೇಕವಾಗಿಯೇ ಇವೆ. ನಡುವೆ ಕಿರಿದಾದ ಸಂದು ಇದೆ. ಆ ಸಂದಿನ ಎರಡೂ ದಡದಲ್ಲಿ ಗುಂಡಿ ಹೊಲಿದ ಹಾಗೆ ದಪ್ಪನೆಯ ಬಿಲ್ಲೆಗಳಿವೆ. ಅಂದಮೇಲೆ ಇದನ್ನು ಸಂಧಿಯೆನ್ನುವುದಕ್ಕಿಂತ ನಮ್ಮ ವ್ಯಾಕರಣದ ‘ಪ್ರಕೃತಿಭಾವ’ ಎನ್ನುವುದೇ ಸರಿ: ಎರಡು ಸ್ವರಗಳು ಮಗ್ಗುಲಲ್ಲಿದ್ದೂ ಒಂದರಲ್ಲೊಂದು ಕರಗದೆ ನಿಲ್ಲುವ ಸ್ಥಿತಿ. ನಮ್ಮ ಅಧ್ಯಾಪಕ ಮಿತ್ರರಿಗೆ ಈ ಮಾತು ಹೇಳಿದಾಗ ಅವರು ನನಗೊಂದು ಕಾಫಿ ಕೊಡಿಸಿದರು.

1963ರಲ್ಲಿ ನ್ಯೂಯಾರ್ಕಿನಲ್ಲಿ ಮೆರಿಲಿನ್ ಫಾರ್ಕರ್, ಜಾರ್ಜ್ ಪಲಾಡೆ ಎಂಬಿಬ್ಬರು ಇಲಿ ಮೊದಲಾದ ಪ್ರಾಣಿಗಳ ಅಂಗಾಂಗಗಳನ್ನು ಪರೀಕ್ಷಿಸಿ, ಕರುಳಿನಂಥ ಕಡೆಗಳಲ್ಲಿ ಹಿಡಿತಗಳು ಮೇಲಿನಿಂದ ಕೆಳಕ್ಕೆ ಒಂದು ಕ್ರಮದಲ್ಲಿವೆಯೆಂದು ತೋರಿಸಿದರು. ತುದಿಯಲ್ಲಿ ನೀರು ಸೋರದಂತೆ ಬಿಗಿದ ಅಂಚು. ಅದರ ಕೆಳಗೆ ಜೀವಕೋಶವನ್ನು ಸುತ್ತಿ ಬರುವ ಒಡ್ಯಾಣ. ಇನ್ನೂ ಕೆಳಗೆ ಅಲ್ಲಲ್ಲಿ ಗುಂಡಿಗಳಂತೆ ಡೆಸ್ಮೊಸೋಮುಗಳು. ಮೊದಲನೆಯದು ಸೋರಿಕೆ ತಡೆಯಲು; ಉಳಿದೆರಡು ಹಿಡಿದುಕೊಳ್ಳಲು. ಒಡ್ಯಾಣದ ಒಳಬದಿಗೆ ಆಕ್ಟಿನ್ ಎಂಬ ಎಳೆಗಳು ಕಟ್ಟಿರುತ್ತವೆ. ಡೆಸ್ಮೊಸೋಮಿನ ಒಳಬದಿಗೆ ಕಟ್ಟಿರುವುದು ಕೆರಾಟಿನ್. ನಮ್ಮ ಕೂದಲು ಉಗುರುಗಳ ದ್ರವ್ಯವೇ. ಒಂದು ಜೀವಕೋಶದ ಕೆರಾಟಿನ್ ಹಗ್ಗ ಬಿಲ್ಲೆಗೆ ಬಿಗಿದು, ಬಿಲ್ಲೆ ಪಕ್ಕದ ಬಿಲ್ಲೆಯನ್ನು ಹಿಡಿದು, ಅಲ್ಲಿಂದ ಮತ್ತೆ ಹಗ್ಗ ಹೊರಟು, ಹೀಗೆ ಇಡೀ ಚರ್ಮವೇ ಒಂದು ನೇಯ್ಗೆ. ಒಂದು ಡೆಸ್ಮೊಸೋಮಿನ ಅಗಲವಾದರೋ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಅರ್ಧದಷ್ಟೂ ಇಲ್ಲ.

ಕ್ಯಾಲ್ಸಿಯಮ್ಮಿನ ಸುಳಿವು ಸಿಕ್ಕಿದ್ದು ಇದಕ್ಕೂ ಹಿಂದೆ. 1900ರಲ್ಲಿ ಜರ್ಮನಿಯ ಹರ್ಬ್ಸ್ಟ್ ಎಂಬಾತ ಕಡಲ ಜೀವಿಯಾದ ಸೀ ಅರ್ಚಿನ್ನಿನ ಭ್ರೂಣಗಳನ್ನು ಕ್ಯಾಲ್ಸಿಯಂ ಇಲ್ಲದ ಉಪ್ಪುನೀರಿನಲ್ಲಿಟ್ಟನು, ಜೀವಕೋಶಗಳು ಬಿಡಿಬಿಡಿಯಾದವು. ಮತ್ತೆ ಕಡಲನೀರಿಗೆ ಹಾಕಿದರೆ ಕೂಡಿಕೊಂಡವು. ಏಕೆಂದು ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. ತಿಳಿದ ಬಗೆ ಮಾತ್ರ ನಮ್ಮ ಅಡಿಗೆಮನೆಯ ಅವಘಡಗಳನ್ನು ಹೋಲುತ್ತದೆ. ಜಪಾನಿನ ಮಸಾಟೊಶಿ ಟಾಕೆಯಿಚಿ ಎಂಬ ತರುಣ 1970ರ ದಶಕದಲ್ಲಿ ಅಮೆರಿಕೆಯ ಪ್ರಯೋಗಾಲಯವೊಂದಕ್ಕೆ ಹೋದನು. ಕ್ಯೋಟೊದಲ್ಲಿ ಮಾಡುತ್ತಿದ್ದಂತೆಯೇ ಟ್ರಿಪ್ಸಿನ್ ದ್ರಾವಣದಿಂದ ಜೀವಕೋಶಗಳನ್ನು ಬಿಡಿಸಿದನು. ಊರಿನಲ್ಲಾದರೆ ಬಿಡಿಸಿದ ಜೀವಕೋಶಗಳು ಮತ್ತೆ ಗುಂಪುಗೂಡುತ್ತಿದ್ದವು. ಇಲ್ಲಿ ಮುಖ ತಿರುವಿಕೊಂಡು ಹಾಗೆಯೇ ಉಳಿದವು. ಕೈಗುಣವೇ ಕೆಟ್ಟಿತೆಂದು ಕೈಚೆಲ್ಲದೆ ಸೀಸೆಗಳನ್ನು ಹೋಲಿಸಿ ನೋಡಿದನು. ಅಮೆರಿಕೆಯ ದ್ರಾವಣದಲ್ಲಿ ಕ್ಯಾಲ್ಸಿಯಮ್ಮನ್ನು ಹೀರಿಬಿಡುವ ಒಂದು ರಾಸಾಯನಿಕ ಬೆರೆತಿತ್ತು, ಕ್ಯೋಟೊದ್ದರಲ್ಲಿ ಇರಲಿಲ್ಲ. ಕ್ಯಾಲ್ಸಿಯಂ ಇದ್ದಾಗ ಟ್ರಿಪ್ಸಿನ್ನಿಗೂ ಜಗ್ಗದ ಯಾವುದೋ ಹಿಡಿತವೊಂದು ಜೀವಕೋಶದ ಮೈಮೇಲಿದೆ, ಕ್ಯಾಲ್ಸಿಯಂ ಹೋದೊಡನೆ ಅದು ಕತ್ತರಿಗೆ ಸಿಕ್ಕಿಬಿಡುತ್ತದೆ ಎಂದು ಊಹಿಸಿದನು. 1977ರಲ್ಲಿ ಅದನ್ನು ಪ್ರಕಟಿಸಿದನು. 1984ರಲ್ಲಿ ಆ ಪ್ರೋಟೀನಿಗೆ ‘ಕ್ಯಾಡ್ಹೆರಿನ್’ ಎಂಬ ಹೆಸರು ಬಂದಿತು. ಕ್ಯಾಲ್ಸಿಯಮ್ಮಿನ ‘ಕ್ಯಾ’ ಅದರ ಮೊದಲ ಅಕ್ಷರದಲ್ಲಿಯೇ ಕುಳಿತಿದೆ.

ಕ್ಯಾಡ್ಹೆರಿನ್ ಪೊರೆಯಿಂದ ಹೊರಚಾಚಿದ ಒಂದು ತೋಳು. ಐದು ಮಣಿಗಳನ್ನು ಪೋಣಿಸಿದಂತಿದೆ. ಮಣಿಗೂ ಮಣಿಗೂ ನಡುವಣ ಗೆಣ್ಣಿನಲ್ಲಿ ಮೂರು ಮೂರು ಕ್ಯಾಲ್ಸಿಯಂ ಕಣಗಳು ಕೂರುತ್ತವೆ. ಅವು ಕುಳಿತರೆ ತೋಳು ಸೆಟೆದು ನಿಲ್ಲುತ್ತದೆ; ಎದ್ದುಹೋದರೆ ಜೋಲುತ್ತದೆ. ಎದುರಿನ ಜೀವಕೋಶದ ತೋಳೂ ಹೀಗೆಯೇ ಚಾಚಿ ಬಂದು, ಒಂದರ ತುದಿಯ ಚಿಕ್ಕ ಗೂಟ ಇನ್ನೊಂದರ ಗುಳಿಯೊಳಗೆ, ಇನ್ನೊಂದರದು ಇದರ ಗುಳಿಯೊಳಗೆ ಕೂರುತ್ತದೆ. ನಾನಿರುವ ಪೇಟೆಯ ಮಗ್ಗುಲಲ್ಲೇ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವಿದೆ. 13ನೆಯ ಶತಮಾನದ ಹೊಯ್ಸಳರ ಕಟ್ಟಡ. ಬಳಪದ ಕಲ್ಲುಗಳನ್ನು ಗಾರೆಯಿಲ್ಲದೆ, ಒಂದರ ಗೂಟವನ್ನು ಇನ್ನೊಂದರ ಗುಳಿಗೆ ಕೂರಿಸಿ ಕಟ್ಟುವುದು ಅವರ ಪದ್ಧತಿ. ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಶಿಲ್ಪವನ್ನು ತೋರಿಸುವಾಗ ಈಗ ಕಲ್ಲಿನ ಕೂಡುಗೆರೆಗಳ ಮೇಲೆಯೇ ನನ್ನ ಕಣ್ಣು.

ಆದರೆ ದೇಗುಲದ ಕಲ್ಲಿಗೂ ಇದಕ್ಕೂ ದೊಡ್ಡ ಅಂತರವಿದೆ. ಕ್ಯಾಡ್ಹೆರಿನ್ನಿನ ಒಂದೊಂದು ಹಿಡಿತವೂ ತೀರ ದುರ್ಬಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಬಲವಿರುವುದು ಸಂಖ್ಯೆಯಲ್ಲಿ, ಮತ್ತು ಒಳಗಿನಿಂದ ಬರುವ ಒತ್ತಾಸೆಯಲ್ಲಿ. ಒಳಬದಿಯಲ್ಲಿ ಅದನ್ನು ಆಕ್ಟಿನ್ನಿಗೆ ಬಿಗಿಯುವ ಪ್ರೋಟೀನುಗಳಿಗೆ ಕ್ಯಾಟೆನಿನ್ ಎಂದು ಹೆಸರು. 1989ರಲ್ಲಿ ಜರ್ಮನಿಯ ರೋಲ್ಫ್ ಕೆಮ್ಲರನ ತಂಡ ಇಟ್ಟದ್ದು. ಲ್ಯಾಟಿನ್ನಿನಲ್ಲಿ ಕ್ಯಾಟೆನಾ ಎಂದರೆ ಸರಪಣಿ. ಕೆಮ್ಲರನಿಗೂ ಟಾಕೆಯಿಚಿಗೂ 2020ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿ ಸಂದಿತು. ಈ ಸರಪಣಿಯ ಒಂದು ಕೊಂಡಿಯ ಸ್ವಭಾವ ವಿಚಿತ್ರವಾದದ್ದು. ಸುಮ್ಮನಿದ್ದಾಗ ಮಡಿಸಿಕೊಂಡಿರುತ್ತದೆ. ಎಳೆದರೆ ಮಡಿಕೆ ಬಿಚ್ಚುತ್ತದೆ. ಬಿಚ್ಚಿದ ಜಾಗಕ್ಕೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಕೈಗೂಡಿಸುತ್ತದೆ. ರಥಸಪ್ತಮಿಯ ದಿನ ಶ್ರೀರಂಗಪಟ್ಟಣದ ತೇರು ಕಚ್ಚಿಕೊಂಡು ನಿಂತಾಗ ಬದಿಯಲ್ಲಿ ನೋಡುತ್ತಿದ್ದವರೂ ನುಗ್ಗಿ ಹಗ್ಗ ಹಿಡಿಯುವುದಿಲ್ಲವೆ, ಹಾಗೆ. ಎಳೆತ ಹೆಚ್ಚಿದಷ್ಟೂ ಹಿಡಿತ ಹೆಚ್ಚು.

ಹಿಡಿತ ತಪ್ಪಿದರೆ ಏನಾಗುವುದೆಂಬುದಕ್ಕೆ ಅವ್ವನ ಬೆನ್ನೊಂದೇ ನಿದರ್ಶನವಲ್ಲ. ಕ್ಯಾಡ್ಹೆರಿನ್ನಿನ ವಂಶವಾಹಿ ಕೆಟ್ಟ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಜಠರದ ಕ್ಯಾನ್ಸರು ಬರುವುದನ್ನು 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬವೊಂದರಲ್ಲಿ ಮೊದಲು ಗುರುತಿಸಿದರು. ಅಲ್ಲಿ ಹಿಡಿತ ಬಿಟ್ಟ ಜೀವಕೋಶಗಳು ಒಂಟಿ ಒಂಟಿಯಾಗಿ ಅಲೆಯತೊಡಗುತ್ತವೆ.

ಡೆಸ್ಮೊಸೋಮಿನ ತೋಳುಗಳು ಇದೇ ಕುಲದವು. ಅವುಗಳಲ್ಲಿ ಡೆಸ್ಮೊಗ್ಲೀನ್ ಎಂಬುದು ಮುಖ್ಯ. ಪೆಂಫಿಗಸ್ ರೋಗಿಯ ರಕ್ತದಲ್ಲಿ ಚರ್ಮವನ್ನು ಹಿಡಿಯುವ ಪ್ರತಿಕಾಯಗಳಿವೆಯೆಂದು 1964ರಲ್ಲಿ ಬಾಯ್ಟ್ನರ್ ಮತ್ತು ಜೋರ್ಡನ್ ತೋರಿಸಿಕೊಟ್ಟರು. ಅವು ಗುರಿಯಿಡುವುದು ಕ್ಯಾಡ್ಹೆರಿನ್ ಕುಲದ ಡೆಸ್ಮೊಗ್ಲೀನ್ 3ರ ಮೇಲೆ ಎಂಬುದು 1991ರಲ್ಲಿ ಬಯಲಾಯಿತು. ಊರು ಕಾಯಬೇಕಾದ ತಳವಾರನೇ ಊರಿನ ಬಾಗಿಲ ಅಗುಳಿ ಕೀಳುವ ಕಥೆ. ಇಲ್ಲಿ ಅವ್ವನ ಪ್ರಶ್ನೆಗೂ ಉತ್ತರ ಸಿಕ್ಕಿತು. ಬಾಯಿಯ ಒಳಮೈಯಲ್ಲಿ ಪ್ರಧಾನವಾಗಿ ಇರುವುದು 3ನೆಯ ಡೆಸ್ಮೊಗ್ಲೀನು. ಚರ್ಮದಲ್ಲಿ 1 ಮತ್ತು 3 ಎರಡೂ ಉಂಟು. 3ರ ಮೇಲೆ ಮಾತ್ರ ದಾಳಿ ನಡೆದಾಗ ಬಾಯಿ ಹರಿಯುತ್ತದೆ. ಚರ್ಮವನ್ನು 1 ಕಾಪಾಡಿಕೊಂಡಿರುತ್ತದೆ. 1ರ ಮೇಲೂ ದಾಳಿಯಾದಾಗ ಚರ್ಮಕ್ಕೆ ಆಸರೆ ತಪ್ಪುತ್ತದೆ. ಯುಗಾದಿಗೆ ಬಾಯಿ, ದಸರೆಗೆ ಬೆನ್ನು. ನಲವತ್ತು ವರ್ಷದ ಸುಣ್ಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಸ್ಟೀರಾಯ್ಡು ಔಷಧಿಗಳು ಬರುವ ಮೊದಲು ಈ ರೋಗ ಬಂದವರು ಬಹುಮಟ್ಟಿಗೆ ಉಳಿಯುತ್ತಿರಲಿಲ್ಲ. ಅವ್ವನಿಗೆ ಕೊಟ್ಟದ್ದು ನಮ್ಮ ದೇಶದವರೇ ರೂಪಿಸಿದ ಚಿಕಿತ್ಸೆ. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರೀಚಾ ಅವರು 1980ರ ದಶಕದ ಆರಂಭದಲ್ಲಿ ತಂದ ಕ್ರಮ: 28 ದಿನಗಳಿಗೊಮ್ಮೆ, ಸತತ ಮೂರು ದಿನ, 100 ಮಿಲಿಗ್ರಾಂ ಡೆಕ್ಸಾಮೆಥಸೋನ್ ಡ್ರಿಪ್ಪಿನಲ್ಲಿ, ಅವುಗಳಲ್ಲಿ ಒಂದು ದಿನ ಸೈಕ್ಲೊಫಾಸ್ಫಮೈಡ್. ಬಡವರ ಕೈಗೆ ಎಟಕುವ ಬೆಲೆಯದು. ಈಗ ರಿಟುಕ್ಸಿಮ್ಯಾಬ್ ಎಂಬ ಬೇರೊಂದು ಔಷಧಿಯೂ ಇದೆ. 2018ರಲ್ಲಿ ಅಮೆರಿಕೆಯಲ್ಲಿ ಈ ರೋಗಕ್ಕೆ ಅದರ ಬಳಕೆಯನ್ನು ಒಪ್ಪಿದರು. ಅವ್ವನಿಗೆ ಅದರ ಅಗತ್ಯ ಬೀಳಲಿಲ್ಲ.

ಮೊದಲ ಎರಡು ತಿಂಗಳು ಕಷ್ಟದ ಕಾಲ. ಹಾಸಿಗೆಯ ಬಟ್ಟೆ ಬೆನ್ನಿಗೆ ಹತ್ತಿಕೊಳ್ಳುತ್ತಿತ್ತು. ಬಿಡಿಸುವಾಗ ಅವ್ವ ಹಲ್ಲು ಕಚ್ಚಿಕೊಂಡು ಅಳುತ್ತಿದ್ದಳು. ದಾದಿಯೊಬ್ಬರು, “ಬಾಳೆಎಲೆ ತನ್ನಿ, ಎಳೆಯದು ನೋಡಿ” ಎಂದರು. ಶುದ್ಧಿಗೊಳಿಸಿದ ಬಾಳೆಎಲೆಯ ಮೇಲೆ ಇಂಥ ರೋಗಿಗಳನ್ನು ಮಲಗಿಸುವುದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇರುವ ರೂಢಿ. ನುಣುಪಾದ, ತಂಪಾದ ಅದರ ಮೈ ಗಾಯಕ್ಕೆ ಹತ್ತುವುದಿಲ್ಲ. ಅಕ್ಕ ನಮ್ಮ ಬದುವಿನ ಬಾಳೆಯ ಎಲೆಗಳನ್ನು ಕೊಯ್ದು, ಒದ್ದೆಬಟ್ಟೆಯಲ್ಲಿ ಸುತ್ತಿ, ಬೆಳಗಿನ ಮೊದಲ ಬಸ್ಸಿಗೆ ಪಾಂಡವಪುರದಿಂದ ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ತರುತ್ತಿದ್ದಳು. ಕೆಮ್ಮಣ್ಣಿನ ಗೆರೆ ಬರೆಸಿದವಳೂ ಅವಳೇ. ನಾನು ಆ ಮಾತನ್ನೆತ್ತಲಿಲ್ಲ. ಅವಳು ಡಬ್ಬಿಯ ಮಾತನ್ನೆತ್ತಲಿಲ್ಲ. “ಮೊದ್ಲಿಂದಾನೂ ಎಲೆ ಮೇಲೆ ಉಂಡೋಳು, ಈಗ ಎಲೆ ಮೇಲೇ ಮಲಗ್ಸಿದ್ರಲ್ಲ” ಎಂದು ಅವ್ವ ಒಂದು ದಿನ ನಕ್ಕಾಗ ದಾದಿಯೂ ಕಣ್ಣೊರೆಸಿಕೊಂಡರು.

ಮೂರು ದಿನದ ಡ್ರಿಪ್ಪು ಮುಗಿಸಿ ಊರಿಗೆ ಮರಳುವಾಗ ಒಮ್ಮೆ ಅವ್ವನಿಗೆ ಕನ್ನಂಬಾಡಿ ಕಟ್ಟೆ ನೋಡುವ ಮನಸ್ಸಾಯಿತು. 1911ರಲ್ಲಿ ಮೊದಲಾಗಿ ಎರಡು ದಶಕ ಕಟ್ಟಿದ 130 ಅಡಿ ಎತ್ತರದ ಆ ಅಣೆಕಟ್ಟು ನಿಂತಿರುವುದು ಸಿಮೆಂಟಿನ ಮೇಲಲ್ಲ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯ ಮೇಲೆ. ಹಸಿ ಸುಣ್ಣ ನೀರಿಗೆ ಕದಡುತ್ತದೆ. ಸುರ್ಕಿಯೊಡನೆ ಕೂಡಿ ಹದಗೊಂಡರೆ ನೀರೊಳಗೂ ಕರಗದ ಕಲ್ಲಾಗುತ್ತದೆ. ಡೆಸ್ಮೊಸೋಮಿನ ವಿಚಾರದಲ್ಲೂ ಇದನ್ನೇ ಓದಿದ್ದೆನು. ಹೊಸದಾಗಿ ಕಟ್ಟಿದ ಡೆಸ್ಮೊಸೋಮಿಗೆ ಕ್ಯಾಲ್ಸಿಯಂ ಬೇಕೇ ಬೇಕು, ತೆಗೆದರೆ ಬಿಚ್ಚಿಕೊಳ್ಳುತ್ತದೆ. ಬಲಿತ ಡೆಸ್ಮೊಸೋಮ್ ಕ್ಯಾಲ್ಸಿಯಮ್ಮನ್ನು ಹೊರಗಿನಿಂದ ಹಿಂದೆಗೆದರೂ ಜಗ್ಗುವುದಿಲ್ಲ. ಆದರೆ ಗಾಯವಾದಾಗ ಅಂಚಿನಲ್ಲಿರುವ ಬಲಿತ ಹಿಡಿತಗಳು ತಾವಾಗಿಯೇ ಮತ್ತೆ ಎಳೆಯವಾಗಿ ಸಡಿಲಗೊಳ್ಳುತ್ತವೆ. ಹಾಗೆ ಸಡಿಲಾಗದಿದ್ದರೆ ಜೀವಕೋಶಗಳು ಸರಿದು ಬಂದು ಗಾಯವನ್ನು ಮುಚ್ಚಲಾರವು. ಅಣೆಕಟ್ಟಿಗೆ ಈ ವಿದ್ಯೆ ಬಾರದು. ಅವ್ವನಿಗೆ ನನಗೆ ತಿಳಿದಂತೆ ಇದನ್ನೆಲ್ಲ ಹೇಳಿದೆನು. ಆಕೆ ಕಟ್ಟೆಯನ್ನು ನೋಡುತ್ತ, “ಆಲೆಮನೇಲೂ ನಿಮ್ಮಪ್ಪ ಹಾಲಿಗೆ ಸುಣ್ಣದ್ ನೀರ್ ಬಿಟ್ಮೇಲೇ ಬೆಲ್ಲ ಕಟ್ತಿತ್ತು” ಎಂದಳು. ಕಬ್ಬಿನ ಹಾಲಿನಲ್ಲಿ ಸುಣ್ಣ ಮಾಡುವ ಕೆಲಸ ಬೇರೆ, ಕಶ್ಮಲವನ್ನು ಮೇಲೆತ್ತುವುದು. ಅಂದು ತಿದ್ದುವ ಮನಸ್ಸಾಗಲಿಲ್ಲ.

ಇಷ್ಟು ಓದಿ ಯಾರೂ ಸುಣ್ಣ ತಿಂದರೆ ಚರ್ಮ ಗಟ್ಟಿಯಾಗುವುದೆಂದು ಭಾವಿಸಬಾರದು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂಬ ಲೆಕ್ಕವನ್ನು ದೇಹವೇ ಬಹಳ ಬಿಗಿಯಾಗಿ ಇಟ್ಟುಕೊಳ್ಳುತ್ತದೆ. ನಾವು ಎಲೆಗೆ ಸವರುವ ಸುಣ್ಣವನ್ನು ಅದು ಕೇಳುವುದಿಲ್ಲ. ಅಲ್ಲದೆ ಸುಣ್ಣವನ್ನು ಖುಲಾಸೆ ಮಾಡಿದ ಮಾತ್ರಕ್ಕೆ ಅಡಿಕೆಯೂ ಬಿಡುಗಡೆಯಾಗಲಿಲ್ಲ. ಅದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ನಿರ್ಣಯಿಸಿದ್ದಾರೆ. ವೈದ್ಯೆ ಎಲೆಯಡಿಕೆಯನ್ನು ಬಿಡಿಸಿಯೇ ಬಿಟ್ಟರು. ಅವ್ವ ಗೊಣಗುತ್ತಲೇ ಬಿಟ್ಟಳು.

ಗುಳ್ಳೆಗಳು ಪೂರ್ತಿ ನಿಲ್ಲಲು ಏಳು ಆವರ್ತನೆ, ನಿಂತ ಮೇಲೆ ಮತ್ತೆ ಒಂಬತ್ತು, ಆಮೇಲೆ ಒಂಬತ್ತು ತಿಂಗಳು ಮಾತ್ರೆ. ನಡುವೆ ಸಕ್ಕರೆ ಕಾಯಿಲೆ ತಲೆಯೆತ್ತಿತು; ಕೂದಲು ಉದುರಿತು. ಬಾಯಿಯ ಹುಣ್ಣು ಎಲ್ಲಕ್ಕಿಂತ ಕೊನೆಗೆ ಮಾಯಿತು. ಮೊದಲ ಸಲ ಹುಳಿಸಾರಿನಲ್ಲಿ ಮುದ್ದೆ ಅದ್ದಿ ನುಂಗಿದ ದಿನ ಅಕ್ಕ ಊರಿಗೆಲ್ಲ ಫೋನು ಮಾಡಿದಳು. ಮಗಳು ಅಷ್ಟು ಹೊತ್ತಿಗೆ ಮಡಿಲಿನಿಂದ ಇಳಿದು ಓಡಾಡುವ ವಯಸ್ಸಿಗೆ ಬಂದಿದ್ದಳು. ಆ ಎರಡು ವರ್ಷವನ್ನು ಅವ್ವನಿಗೆ ನಾನು ಎಲ್ಲಿಂದ ತಂದುಕೊಡಲಿ?

2018ರ ವೈರಮುಡಿ ಜಾತ್ರೆಯಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಕೊಂಡೆನು. ಸರಪಣಿಯೂ ಇತ್ತು, ಹಳೆಯದರಷ್ಟು ಸೊಗಸಿಲ್ಲ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಎಲೆಯಡಿಕೇನೇ ಇಲ್ಲ, ಡಬ್ಬಿ ಯಾಕ್ ಮಗಾ?” ಎಂದಳು. ಆದರೂ ಸಂಚಿಗೆ ಹಾಕಿಕೊಂಡಳು, ಒಳಗೆ ಒಂದಿಷ್ಟು ಸುಣ್ಣವನ್ನೂ ತುಂಬಿದಳು.

ಕಳೆದ ಸಂಕ್ರಾಂತಿಯ ಹಿಂದಿನ ದಿನ ಮಗಳು ಬದುವಿನ ಮೇಲಿಂದ ಧುಮುಕಿ ಕಾಲು ಉಳುಕಿಸಿಕೊಂಡಳು. ನಾನು ಪಟ್ಟಣಕ್ಕೆ ಕರೆದೊಯ್ಯಲು ಮೋಟಾರುಬೈಕಿನ ಬೀಗದಕೈ ಹುಡುಕುತ್ತಿದ್ದೆನು. ಅವ್ವ ಸಂಚಿ ಬಿಚ್ಚಿ ಡಬ್ಬಿ ತೆಗೆದಳು. ಸುಣ್ಣ ಒಣಗಿ ಹೆಪ್ಪಾಗಿತ್ತು. ಎರಡು ತೊಟ್ಟು ನೀರು ಬಿಟ್ಟು, ಬೆರಳಲ್ಲಿ ಕಲಸಿ, ಒಂದು ಚೂರು ಬೆಲ್ಲ ಸೇರಿಸಿ ಅರೆದು, ಮೊಮ್ಮಗಳ ಹಿಮ್ಮಡಿಯನ್ನು ಮಡಿಲಿಗೆಳೆದುಕೊಂಡು ಪಟ್ಟು ಹಾಕತೊಡಗಿದಳು. “ಅಜ್ಜಿ, ಉರೀತದೆ” ಎಂದಳು ಮಗಳು. ಅವ್ವ ನನ್ನತ್ತ ನೋಡದೆಯೇ, “ಸುಣ್ಣ ಉರೀದೇ ಇದ್ದೀತಾ? ನಿಮ್ಮಪ್ಪನ್ನ ಕೇಳು” ಎಂದು ಪಟ್ಟಿನ ಅಂಚನ್ನು ಬೆರಳಿನಿಂದ ಒತ್ತಿದಳು.